ನಿಂತ ಕಾರಿನಲ್ಲಿ ಎಸಿ: ಗ್ಯಾಸ್ ಹಾಕಿಸುವ ಮೊದಲು ಫ್ಯಾನ್ ನೋಡಿ

ಬಾಡಿಗೆ ಕಾರು ಓಡಿಸುವವರಿಗೆ ಓಡಿಸುವಷ್ಟೇ ಹೊತ್ತು ಕಾಯುವುದೂ ಇರುತ್ತೆ. ಬಿಸಿಲಲ್ಲಿ ಇಂಜಿನ್ ಆನ್ ಇಟ್ಟು ಎಸಿ ಹಾಕಿಕೊಂಡು ಕೂರುವುದು ನನಗೆ ದಿನದ ಮಾತು. ಹಾಗೆ ಮಾಡಿದರೆ ಇಂಜಿನ್ ಹಾಳಾಗಲ್ವಾ ಅಂತ ಪ್ಯಾಸೆಂಜರ್‌ಗಳು ಕೇಳುತ್ತಾರೆ. ಗಾಡಿ ಸರಿಯಾಗಿದ್ದರೆ ಅಷ್ಟು ಸುಲಭಕ್ಕೆ ಹಾಳಾಗಲ್ಲ. ಆದರೆ ಸರಿಯಿಲ್ಲದ್ದು ಮೊದಲು ಗೊತ್ತಾಗುವುದು ನಿಂತಾಗಲೇ.

ನನ್ನ ಗಾಡಿಯಲ್ಲಿ ಓಡುವಾಗ ಒಳ್ಳೆ ತಂಪು, ನಿಂತರೆ ಬೆಚ್ಚಗಿನ ಗಾಳಿ ಬರಲು ಶುರುವಾಯಿತು. ನೋಡಿದವರೆಲ್ಲ ಎಸಿಯೊಳಗೆ ಸುತ್ತಿ ತಂಪು ಮಾಡುವ ಗ್ಯಾಸ್ ಹಾಕಿಸಿ ಅಂದರು. ನಾನು ಮೊದಲು ಎಸಿ ಗಾಳಿ ಬರುವ ನಡುವಿನ ವೆಂಟ್‌ಗೆ ಒಂದು ಥರ್ಮಾಮೀಟರ್ ಸಿಕ್ಕಿಸಿದೆ. ಓಡುವಾಗ 8 ಡಿಗ್ರಿಯ ಹತ್ತಿರ ಇದ್ದದ್ದು, ನಿಲ್ಲಿಸಿದ ಮೇಲೆ ಏರುತ್ತಾ ಏರುತ್ತಾ 18 ದಾಟಿತು. ಮತ್ತೆ ಹೊರಟರೆ ಇಳಿಯಿತು. ಗ್ಯಾಸ್ ಪೂರ್ತಿ ಖಾಲಿಯಾಗಿದ್ದರೆ ಓಡುವಾಗಲೂ ಇಷ್ಟು ತಂಪು ಬರಲ್ಲ.

ರೇಡಿಯೇಟರ್ ಮುಂದೆ ಕಂಡೆನ್ಸರ್ ಇರುತ್ತೆ. ಗಾಡಿಯೊಳಗಿಂದ ಎಳೆದ ಬಿಸಿಯನ್ನು ಹೊರಗೆ ಬಿಡುವುದು ಅದೇ. ಓಡುವಾಗ ಎದುರುಗಾಳಿ ಸಾಕು, ನಿಂತಾಗ ಅದರ ಮೂಲಕ ಗಾಳಿ ಎಳೆಯುವ ಫ್ಯಾನೇ ಗತಿ. ಮೇಲಾಗಿ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ತಿರುಗುವುದು ಇಂಜಿನ್ನಿನ ಬೆಲ್ಟಿನಿಂದ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಆನ್ ಇರುವಾಗ, ಇಂಜಿನ್ ನಿಮಿಷಕ್ಕೆ 700ರಿಂದ 900 ಸುತ್ತು (ಆರ್‌ಪಿಎಂ) ಅಷ್ಟೇ ತಿರುಗುವುದರಿಂದ ಅದೂ ನಿಧಾನ. ಹೀಗಾಗಿ ನಿಂತಾಗ ತಂಪು ಸ್ವಲ್ಪ ಕಡಿಮೆಯಾಗುವುದು ಸಹಜ. ಹತ್ತು ಡಿಗ್ರಿ ಏರುವುದು ಸಹಜವಲ್ಲ.

ಎಸಿ ಹಾಕಿ, ಬಾನೆಟ್ ಎತ್ತಿ, ಕೈ ದೂರ ಇಟ್ಟುಕೊಂಡು ನೋಡಿದೆ. ಕಂಪ್ರೆಸರನ್ನು ಬೆಲ್ಟಿಗೆ ಜೋಡಿಸುವ ಕ್ಲಚ್ ಟಕ್ ಅಂತ ಹಿಡಿಯಿತು, ಫ್ಯಾನ್ ಮಾತ್ರ ಸೋಮಾರಿಯಾಗಿ ತಿರುಗಿ ನಿಂತುಬಿಟ್ಟಿತು. ಸ್ಪ್ರೇ ಬಾಟಲಿಯಲ್ಲಿ ಮುಂದಿನ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ನೀರು ಚಿಮುಕಿಸಿದೆ. ಸ್ವಲ್ಪ ಹೊತ್ತಿಗೇ ವೆಂಟ್‌ನ ಗಾಳಿ ತಣ್ಣಗಾಯಿತು. ನನಗೆ ಬೇಕಿದ್ದ ಉತ್ತರ ಸಿಕ್ಕಿತು: ಬಿಸಿ ಹೊರಗೆ ಹೋಗುತ್ತಿಲ್ಲ. ಫ್ಯಾನ್ ಮೋಟರ್ ಬದಲಿಸಿ, ಕಂಡೆನ್ಸರ್ ಜಾಲರಿಯಲ್ಲಿ ಸಿಕ್ಕಿದ್ದ ಧೂಳು, ಹುಳುಗಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆದೆ. ಜೋರಾಗಿ ಹೊಡೆದರೆ ಅದರ ತೆಳು ರೆಕ್ಕೆಗಳು ಮಡಚಿಹೋಗುತ್ತವೆ. ಗ್ಯಾಸ್ ಮುಟ್ಟಲೇ ಇಲ್ಲ.

ಈಗಲೂ ಕಾಯುವಾಗ ಕಣ್ಣು ಇಂಜಿನ್ ಟೆಂಪರೇಚರ್ ಮುಳ್ಳಿನ ಮೇಲಿರುತ್ತೆ. ನಡು ದಾಟಿ ಮೇಲೇರಿದರೆ ಎಸಿ ಆಫ್. ಇನ್ನೂ ಏರಿದರೆ ಇಂಜಿನ್ನೂ ಆಫ್. ಬಿಸಿಲಲ್ಲಿ ನಿಂತಿದ್ದ ಗಾಡಿಯಾದರೆ ಮೊದಲು ಕಿಟಕಿ ಇಳಿಸಿ ಒಳಗಿನ ಕಾವು ಹೊರಗೆ ಬಿಡುತ್ತೇನೆ, ಆಮೇಲೆ ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಷನ್ ಹಾಕುತ್ತೇನೆ. ಗಾಡಿ ಕೆಳಗೆ ತೊಟ್ಟಿಕ್ಕುವ ನೀರಿಗೆ ಹೆದರಬೇಕಿಲ್ಲ, ಅದು ಒಳಗಿನ ಗಾಳಿಯ ತೇವ.

ಒಂದು ವಿಷಯದಲ್ಲಿ ಮಾತ್ರ ರಾಜಿಯೇ ಇಲ್ಲ. ಶಟರ್ ಹಾಕಿದ ಗ್ಯಾರೇಜ್, ಬೇಸ್‌ಮೆಂಟ್ ಪಾರ್ಕಿಂಗ್, ಸೈಲೆನ್ಸರ್ ಬಾಯಿಗೆ ಗೋಡೆ ತಾಗುವಂಥ ಜಾಗ, ಇಲ್ಲೆಲ್ಲ ಇಂಜಿನ್ ಆನ್ ಇಟ್ಟು ಕೂರಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗೆ ಬಂದದ್ದೂ ತಿಳಿಯಲ್ಲ. ರೀಸರ್ಕ್ಯುಲೇಷನ್ ಹಾಕಿದ್ದೇವೆ ಅಂತ ಧೈರ್ಯವಾಗಿ ಕೂತರೂ ಅದು ಈ ಅನಿಲವನ್ನು ತಡೆಯಲ್ಲ. ಬಯಲಲ್ಲಿ ನಿಂತಿದ್ದರೂ ಎಸಿ ಹಾಕಿಕೊಂಡು ನಿದ್ದೆ ಮಾಡಲ್ಲ. ತಲೆನೋವು, ವಾಕರಿಕೆ ಅನಿಸಿದರೆ ಇಂಜಿನ್ ಆಫ್ ಮಾಡಿ ತಕ್ಷಣ ಕೆಳಗಿಳಿಯಿರಿ, ಒಳಗಿರುವವರನ್ನೂ ಇಳಿಸಿ.