ತೊಡೆದೇವು ತಿಂದು ಹಲ್ಲು ಒಡೆದುಕೊಂಡ ದಂತವೈದ್ಯೆ

ಹಲ್ಲು ಒಡೆದದ್ದು ತೊಡೆದೇವು ತಿನ್ನುವಾಗ. ಚಕ್ಕುಲಿಯೋ, ಅನ್ನದಲ್ಲಿ ಸಿಕ್ಕ ಕಲ್ಲೋ ಆಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಮಡಕೆಯ ಬೆನ್ನ ಮೇಲೆ ಎರೆದ, ಕಾಗದದಷ್ಟು ತೆಳ್ಳನೆಯ ತಿಂಡಿ. ಮೇಲಿಂದ ತುಪ್ಪ ಬೇರೆ. ಕಟ್ ಅಂದಿತು. ಕೆಳಗಿನ ಎಡಗಡೆಯ ಮೊದಲ ದವಡೆಹಲ್ಲಿನ ಒಂದು ಮೂಲೆ ನಾಲಿಗೆಯ ಮೇಲೆ ಬಂದು ಕೂತಿತು. ಹುಳುಕಿಲ್ಲದ ಹಲ್ಲು, ಎಂದೂ ಸಿಮೆಂಟ್ ಕಾಣದ ಹಲ್ಲು. ಶಿರಸಿಯಲ್ಲಿ ಹದಿನಾಲ್ಕು ವರ್ಷದಿಂದ ಕಂಡವರ ಬಾಯಿ ನೋಡುವವಳು ನಾನು.

ಸೂಚನೆ ಮೊದಲೇ ಸಿಕ್ಕಿತ್ತು. ಪಕ್ಕದಲ್ಲಿ ಮಲಗುವ ಮಗಳು ಒಂದು ಬೆಳಿಗ್ಗೆ, “ಆಯಿ, ನೀ ರಾತ್ರಿ ಎಂತಾ ಅಗೀತೆ?” ಎಂದು ಕೇಳಿದ್ದಳು. ಅತ್ತೆ ಅದನ್ನು ಕೇಳಿಸಿಕೊಂಡು, “ಹೊಟ್ಟೆಲಿ ಹುಳ ಆಜು ಕಾಣ್ತು, ಮದ್ದು ತಗ” ಅಂದರು. ಹುಳ ಆದರೆ ಹಲ್ಲು ಕಡಿಯುತ್ತಾರೆ ಎಂಬ ಮಾತು ನಮ್ಮ ಕಡೆ ಹಳೆಯದು. ರೋಗಿಗಳು ಹೇಳಿದಾಗೆಲ್ಲ ನಕ್ಕು ತಿದ್ದಿದವಳು ನಾನೇ. ಅವತ್ತು ಮಾತ್ರ ಮರುಮಾತಾಡದೆ ಒಂದು ಆಲ್ಬೆಂಡಜೋಲ್ ನುಂಗಿ ಕ್ಲಿನಿಕ್ಕಿಗೆ ಹೋದೆ. ನಿಜವಾದ ಕಾರಣ ಹುಡುಕಲು ಕೂರುವುದಕ್ಕಿಂತ ಮಾತ್ರೆ ಸುಲಭ.

ಕಾರಣ ಅಂಥ ಗುಟ್ಟೇನಲ್ಲ. ಹೊಸ ಕುರ್ಚಿ, ಹೊಸ ಎಕ್ಸ್‌ರೇ ಯಂತ್ರ ಅಂತ ಸಾಲ ಮಾಡಿದ್ದೆ. ಅದೇ ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗ ಬಂತು. ಮಳೆ ಹೊಳವು ಕೊಡದೆ ಎರಡನೇ ಸಲದ ಬೋರ್ಡೋ ಔಷಧಿ ಹೊಡೆಸಲು ಆಗಲಿಲ್ಲ. ಹೊಳವಾದ ದಿನ ಮರ ಹತ್ತುವ ಕೊನೆಗೌಡ ಸಿಗಲಿಲ್ಲ. ಮರದ ಬುಡದಲ್ಲಿ ಹಸಿರಡಿಕೆ ಉದುರುವುದನ್ನು ಇವರು ಲೆಕ್ಕ ಹಾಕುತ್ತಿದ್ದರು, ಕಂತಿನ ತಾರೀಖನ್ನು ನಾನು. ಇಬ್ಬರೂ ಒಬ್ಬರ ಹತ್ತಿರ ಒಬ್ಬರು ಏನೂ ಹೇಳಿಕೊಳ್ಳಲಿಲ್ಲ. ಆಡದೆ ಉಳಿದದ್ದನ್ನು ನಾನು ರಾತ್ರಿ ಅಗಿಯುತ್ತಿದ್ದೆ.

ನಮ್ಮ ಬಾಯಿ ನಾವೇ ಪೂರ್ತಿ ನೋಡಿಕೊಳ್ಳಲಾಗದು. ಹುಬ್ಬಳ್ಳಿಯಲ್ಲಿರುವ ಸಹಪಾಠಿಯ ಕುರ್ಚಿಯಲ್ಲಿ ಹೋಗಿ ಮಲಗಿದೆ. ಆತ ಮೊದಲು ಹಲ್ಲು ನೋಡಲೇ ಇಲ್ಲ. ಕಿವಿಯ ಕೆಳಗೆ ದವಡೆಯ ಸ್ನಾಯು ಒತ್ತಿದ. ನೋವಿಗೆ ಕಣ್ಣಲ್ಲಿ ನೀರು ಬಂತು. ಕೆನ್ನೆಯ ಒಳಗಡೆ ಹಲ್ಲು ಸೇರುವ ಗೆರೆಯ ನೇರಕ್ಕೆ ಬಿಳಿ ಪಟ್ಟಿ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೋರೆಹಲ್ಲಿನ ತುದಿ ಅರ ಹಾಕಿ ತಿಕ್ಕಿದಷ್ಟು ಚಪ್ಪಟೆ. ಇವೆಲ್ಲ ಹಲ್ಲು ಕಡಿಯುವವರ ಗುರುತು ಎಂದು ಪಠ್ಯದಲ್ಲಿ ಓದಿದ್ದೇ. ಬೆಳಿಗ್ಗೆ ಏಳುವಾಗ ಬರುತ್ತಿದ್ದ ಕಣತಲೆಯ ನೋವನ್ನು ಕನ್ನಡಕದ ಪವರ್ ಬದಲಾಗಿದೆ ಅಂದುಕೊಂಡಿದ್ದೆ. ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದಕ್ಕೆ ಪೇಸ್ಟ್ ಬದಲಿಸಿ ಸುಮ್ಮನಾಗಿದ್ದೆ.

ಒಡೆದ ಹಲ್ಲಿಗೆ ಕ್ಯಾಪ್ ಆಯಿತು. ಅದು ಸುಲಭದ ಭಾಗ.

ಹಲ್ಲು ಸವೆಯದಂತೆ ರಾತ್ರಿ ಹಾಕಿಕೊಳ್ಳುವ ಗಾರ್ಡಿಗೆ ನನ್ನದೇ ಕ್ಲಿನಿಕ್ಕಿನಲ್ಲಿ ಅಳತೆ ಕೊಟ್ಟೆ. ಸಹಾಯಕಿ ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿ ಕಲಸಿ ಟ್ರೇಯನ್ನು ಬಾಯಿಗೆ ಒತ್ತಿದಾಗ ಓಕರಿಕೆ ಬಂದು ಅವಳ ಕೈ ಗಟ್ಟಿಯಾಗಿ ಹಿಡಿದೆ. “ಮೂಗಲ್ಲಿ ಉಸಿರಾಡಿ ಮೇಡಂ, ಒಂದೇ ನಿಮಿಷ” ಅಂದಳು, ದಿನಾ ನಾನು ಹೇಳುವ ಅದೇ ದನಿಯಲ್ಲಿ. ಎಷ್ಟು ಉದ್ದದ ನಿಮಿಷ ಮಾರಾಯ್ರೆ! ಅಂಗಡಿಯಲ್ಲಿ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚುವ ಮೆತ್ತನೆಯದು ನನಗೆ ಬೇಡವಾಗಿತ್ತು. ಕೆಲವರು ಅದನ್ನು ಚೂಯಿಂಗ್ ಗಮ್ಮಿನಂತೆ ಇನ್ನಷ್ಟು ಅಗಿಯುವುದನ್ನು ನೋಡಿದ್ದೇನೆ. ಗಟ್ಟಿ ಆಕ್ರಿಲಿಕ್ಕಿನದು ಮಾಡಿಸಿದೆ. ಮೊದಲ ವಾರ ದಿಂಬೆಲ್ಲ ಜೊಲ್ಲು. ಮೂರು ತಿಂಗಳಿಗೆ ಅದರ ಮೇಲೆ ಗೀರುಗಳು ಎದ್ದು ಕಂಡವು. ಅಂದರೆ ಕಡಿಯುವುದು ನಿಂತಿರಲಿಲ್ಲ; ಹಲ್ಲಿನ ಬದಲು ಪ್ಲಾಸ್ಟಿಕ್ ಸವೆಯುತ್ತಿತ್ತು, ಅಷ್ಟೇ. ಗಾರ್ಡಿನ ಕೆಲಸವೂ ಅಷ್ಟೇ. ‘ಇದು ಹಾಕಿದರೆ ಕಡಿಯುವುದು ನಿಲ್ಲುತ್ತದೆ’ ಎಂದು ಎಷ್ಟು ಜನಕ್ಕೆ ಹೇಳಿದ್ದೆನೋ.

ನನಗೆ ಹೆಚ್ಚು ಉಪಕಾರ ಆದದ್ದು ಹಗಲು ಮಾಡಿದ ಕೆಲಸದಿಂದ. ಸುಮ್ಮನಿರುವಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಇರಬೇಕು. ಊಟಕ್ಕೆ, ಎಂಜಲು ನುಂಗಲು ಬಿಟ್ಟರೆ ಅವು ಒಂದಕ್ಕೊಂದು ತಾಗುವ ಅಗತ್ಯವೇ ಇಲ್ಲ. ಮಗಳ ಡಬ್ಬಿಯಿಂದ ಕೆಂಪು ಸ್ಟಿಕರ್ ಬಿಂದಿ ತೆಗೆದು ಕಾರಿನ ಸ್ಟೀರಿಂಗ್, ಕ್ಲಿನಿಕ್ಕಿನ ದೀಪದ ಹಿಡಿಕೆ, ಫೋನಿನ ಬೆನ್ನು, ಅಡುಗೆಮನೆಯ ನಲ್ಲಿ, ಎಲ್ಲದಕ್ಕೂ ಹಚ್ಚಿದೆ. ಬಿಂದಿ ಕಣ್ಣಿಗೆ ಬಿದ್ದಾಗೆಲ್ಲ ಒಂದೇ ಪ್ರಶ್ನೆ: ಈಗ ಹಲ್ಲು ಕಚ್ಚಿದ್ದೇನಾ? ಮೊದಲ ದಿನ ನೋಡಿದಷ್ಟು ಸಲವೂ ಕಚ್ಚಿಯೇ ಇದ್ದೆ. ಬೇರುನಾಳದಲ್ಲಿ ಸೂಜಿ ಆಡಿಸುವಾಗ, ಬ್ಯಾಂಕಿನ ಮೆಸೇಜ್ ಬಂದಾಗ, ದೇವಿಮನೆ ಘಟ್ಟದಲ್ಲಿ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡಾಗ. ಕಚ್ಚಿದ್ದು ಗೊತ್ತಾದ ಕೂಡಲೇ ‘ನ’ ಅನ್ನುವಂತೆ ನಾಲಿಗೆಯನ್ನು ಮೇಲಿನ ಮುಂಹಲ್ಲಿನ ಹಿಂದೆ ಇಟ್ಟು, ತುಟಿ ಮುಚ್ಚಿ, ದವಡೆ ಇಳಿಬಿಡುವುದು. ಹೆಗಲೂ ತಾನೇ ಇಳಿಯುತ್ತದೆ. ಸಂಜೆಯ ಮೇಲಿನ ಚಹಾ ಬಿಟ್ಟೆ. ಅದು ಬಿಡುವುದೇ ಹೆಚ್ಚು ಕಷ್ಟವಾಯಿತು. ಒಂದು ರಾತ್ರಿ ಇವರ ಮುಂದೆ ಕಂತಿನ ಕಾಗದ ಹರಡಿ ಕೂತೆ. ಅದನ್ನೂ ಔಷಧಿಯ ಲೆಕ್ಕಕ್ಕೇ ಹಾಕುತ್ತೇನೆ. ಎರಡು ತಿಂಗಳಿಗೆ ಬೆಳಗಿನ ತಲೆನೋವು ಬಿಟ್ಟಿತು.

ಆಮೇಲೆ ರೋಗಿಗಳನ್ನು ಕೇಳುವ ರೀತಿ ಬದಲಾಯಿತು. ಮೊದಲು ‘ಎಲ್ಲಿ ನೋವು’ ಅನ್ನುತ್ತಿದ್ದೆ. ಈಗ ‘ನಿದ್ದೆ ಹೆಂಗೆ ಬರ್ತದೆ’ ಅನ್ನುತ್ತೇನೆ. ಪರೀಕ್ಷೆಯ ಸಮಯದಲ್ಲಿ ಒಬ್ಬ ಡಿಗ್ರಿ ಹುಡುಗ ಬಂದಿದ್ದ. ಹಲ್ಲಿನ ನಡುವಿನ ವಸಡಿನ ತುದಿಗಳು ಚಿವುಟಿ ತೆಗೆದಂತೆ ಹಳ್ಳ ಬಿದ್ದು, ಮೇಲೆ ಬೂದು ಪೊರೆ; ವಾಸನೆ ಬಾಗಿಲಿಗೇ ಬರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿದ್ದ ಸೈನಿಕರಿಗೆ ಹೀಗೇ ಆಗುತ್ತಿತ್ತು, ಅದಕ್ಕೇ ಇದಕ್ಕೆ ಟ್ರೆಂಚ್ ಮೌತ್ ಅನ್ನುತ್ತಾರೆ. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಸೋಂಕಿನ ವಿರುದ್ಧದ ಕಾವಲನ್ನು ಸಡಿಲ ಮಾಡುತ್ತದೆ. ಜೊತೆಗೆ ನಿದ್ದೆಗೇಡು, ಸಿಗರೇಟು, ಬ್ರಷ್ ಮರೆಯುವುದು ಸೇರಿದರೆ ಬಾಯಲ್ಲೇ ಇರುವ ಕ್ರಿಮಿಗಳು ತಿರುಗಿ ಬೀಳುತ್ತವೆ. ಎರಡು ಮೂರು ಸಲ ಕರೆದು ಮೆಲ್ಲಗೆ ಸ್ವಚ್ಛ ಮಾಡಿ, ಮೆಟ್ರೊನಿಡಜೋಲ್ ಕೊಟ್ಟು ಕಳಿಸಿದೆ. ವಾಸಿಯಾಯಿತು, ಆದರೆ ಹಳ್ಳ ಬಿದ್ದ ವಸಡು ಪೂರ್ತಿ ತುಂಬಿಕೊಳ್ಳಲಿಲ್ಲ.

ಹಾಗಂತ ಎಲ್ಲವನ್ನೂ ಟೆನ್ಶನ್ನಿನ ತಲೆಗೆ ಕಟ್ಟುವುದೂ ಅಪಾಯ. ತೋಟದ ಯಜಮಾನರೊಬ್ಬರು “ಖಾರ ಮುಟ್ಟಿದರೆ ಬಾಯಿ ಉರಿತದೆ, ಎಲ್ಲ ಚಿಂತೆಯಿಂದ” ಎಂದುಕೊಂಡೇ ವರ್ಷ ಕಳೆದಿದ್ದರು. ಬಾಯಿ ತೆರೆಯಿರಿ ಅಂದರೆ ಎರಡು ಬೆರಳೂ ಹೋಗಲಿಲ್ಲ. ಕೆನ್ನೆಯ ಒಳಪದರ ಬೆಳ್ಳಗೆ, ಹಗ್ಗದಂತೆ ಬಿಗಿ. ಅದು ಚಿಂತೆಯಲ್ಲ, ಅಡಿಕೆ. ಚಿಂತೆ ಹೆಚ್ಚಾದಾಗ ಎಲೆಯಡಿಕೆಯ ಕವಳದ ಲೆಕ್ಕವೂ ಏರುತ್ತದೆ ಎಂಬಷ್ಟೇ ನಂಟು. ಅಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಮಾರಿ ಸಾಲ ತೀರಿಸುವ ಮನೆಯವಳು ಶಿರಸಿಯಲ್ಲಿ ಕೂತು ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳುತ್ತೇನೆ. ಒತ್ತಡಕ್ಕೆ ಏಳುವ ಸಣ್ಣ ಬಾಯಿಹುಣ್ಣು ಸಾಮಾನ್ಯವಾಗಿ ಹತ್ತು ಹದಿನಾಲ್ಕು ದಿನಕ್ಕೆ ಮಾಯುತ್ತದೆ. ಮೂರು ವಾರವಾದರೂ ಮಾಯದಿದ್ದರೆ, ನೋವಿರಲಿ ಬಿಡಲಿ, ತೋರಿಸಲೇಬೇಕು.

ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವವರು ನನ್ನ ಹತ್ತಿರ ಅದನ್ನು ಮುಚ್ಚಿಡುತ್ತಾರೆ. ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಎಂಜಲು ಕಡಿಮೆಯಾದರೆ ಹುಳುಕು ಬೇಗ ಹಬ್ಬುತ್ತದೆ. ಇನ್ನು ಕೆಲವು ಹಲ್ಲು ಕಡಿಯುವುದನ್ನು ಹೆಚ್ಚಿಸಬಹುದು. ಮಾತ್ರೆ ತಾವಾಗಿ ನಿಲ್ಲಿಸಬಾರದು, ನನಗೆ ಹೆಸರು ಹೇಳಿದರೆ ಸಾಕು. ಬಾಗಿಲು ಮುಚ್ಚಿ, ಸಹಾಯಕಿಯನ್ನು ಹೊರಗೆ ಕಳಿಸಿ ಕೇಳಿದರೆ ಹೇಳುತ್ತಾರೆ.

ಹೋದ ಮಳೆಗಾಲಕ್ಕೆ ಮತ್ತೆ ಕೊಳೆ ಬಂತು. ಗಾರ್ಡ್ ತೊಳೆಯುವಾಗ ಬೆಳಕಿಗೆ ಹಿಡಿದು ನೋಡಿದರೆ ಗೀರು ಆಳವಾಗಿದ್ದವು. ಬಿಂದಿಗಳೂ ಅಂಟು ಬಿಟ್ಟು ಉದುರಿದ್ದವು. ಹೊಸ ಪ್ಯಾಕೆಟ್ ತಂದೆ. ಮೊನ್ನೆ ಒಬ್ಬ ಅಜ್ಜಿ ಕುರ್ಚಿಯಲ್ಲಿ ಮಲಗಿ, ಮೇಲೆ ದೀಪದ ಹಿಡಿಕೆ ನೋಡಿ, “ಇದಕ್ಕೂ ದಿನಾ ಪೂಜೆ ಮಾಡ್ತ್ರಾ?” ಎಂದು ಕೇಳಿದರು. ಹೌದು ಅಂದೆ.