ಉಳಿದ ಮೂರು ಎಲ್ಲಿ ಹೋಯ್ತು? ಮಗಳಿಗೆ ಮನೆಯಲ್ಲೇ ಪಾಠ ಹೇಳಿಕೊಟ್ಟ ನನ್ನ ಅನುಭವ

35ನ್ನು 4ರಿಂದ ಭಾಗಿಸಿದರೆ 8, ಶೇಷ 3. ನಾಲ್ಕನೇ ತರಗತಿಯಲ್ಲಿದ್ದ ನನ್ನ ಮಗಳು ಇಂಥ ಒಂದು ಲೆಕ್ಕದ ಹತ್ತಿರ ನಿಂತುಬಿಟ್ಟಳು. "ಉಳಿದ ಮೂರು ಎಲ್ಲಿ ಹೋಯ್ತು ಮಿಸ್?" ಅಂತ ಕೇಳಿದಳಂತೆ. ಶೇಷ ಅಂತ ಬರೆದು ಮುಂದಿನ ಲೆಕ್ಕ ಮಾಡು ಅಂದರಂತೆ. ಮುಂದಿನ ಲೆಕ್ಕಕ್ಕೆ ಅವಳು ಹೋಗಲೇ ಇಲ್ಲ. ಆಮೇಲೆ ಭಿನ್ನರಾಶಿ ಬಂತು, ದಶಮಾಂಶ ಬಂತು. ಅಷ್ಟರಲ್ಲಿ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅನ್ನೋದು ಶುರುವಾಗಿತ್ತು.

ಶಾಲೆಗೆ ಹೋಗಿ ಮಾತಾಡಿದೆ. "ಪೋರ್ಷನ್ ಮುಗಿಸಬೇಕಲ್ಲ ಮೇಡಂ" ಅಂದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ನಲವತ್ತು ಮಕ್ಕಳಲ್ಲಿ ಒಬ್ಬಳಿಗಾಗಿ ಕ್ಲಾಸನ್ನೇ ನಿಲ್ಲಿಸೋಕೆ ಆಗಲ್ಲ. ಆದರೆ ಅರ್ಥವಾಗದ ಕಡೆ ನಿಂತುಕೊಳ್ಳೋದು ನನ್ನ ಮಗುವಿಗೆ ಅನ್ನದಷ್ಟೇ ಬೇಕಾಗಿತ್ತು. ಇದು 2017ರ ಮಾತು. ವರ್ಷದ ಕೊನೆಗೆ ಟಿಸಿ ತಗೊಂಡೆವು.

ನಾನು ಮೈಸೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಓದಿದ್ದು ಬಿ.ಎ. "ಶಾಲೆ ಬಿಡಿಸಿದ ಮಗು ಅಂತ ಜನ ಆಡ್ಕೊಳ್ತಾರೆ ಕಣಮ್ಮ" ಅಂತ ಅತ್ತೆ ಕಣ್ಣೀರು ಹಾಕಿದರು. ನನಗೂ ಭಯ ಇತ್ತು. ಆ ಭಯದಲ್ಲೇ ದೊಡ್ಡ ತಪ್ಪು ಮಾಡಿದೆ. ಗೋಡೆಗೆ ಟೈಮ್ ಟೇಬಲ್ ಅಂಟಿಸಿ, ಬೆಳಿಗ್ಗೆ ಒಂಬತ್ತೂವರೆಯಿಂದ ಮೂರೂವರೆವರೆಗೆ ಮಗುವನ್ನು ಕೂರಿಸಿದೆ. ಮೂರು ತಿಂಗಳು ಇಬ್ಬರೂ ಅತ್ತೆವು. ಮನೆಯಲ್ಲಿ ಪಾಠ ಶುರು ಮಾಡುವವರಿಗೆ ನಾನು ಮೊದಲು ಹೇಳೋದೇ ಇದು: ಮೊದಲ ಕೆಲವು ತಿಂಗಳು ಪುಸ್ತಕ ಮುಚ್ಚಿಡಿ. ಶಾಲೆ ಬಿಟ್ಟು ಬಂದ ಮಗು ಮೊದಲು ಸುಧಾರಿಸಿಕೊಳ್ಳಬೇಕು.

ಲೆಕ್ಕ ಬಿಡಿಸಿಕೊಂಡಿದ್ದು ಕಟಿಂಗ್ ಟೇಬಲ್ ಮೇಲೆ. ಬ್ಲೌಸ್ ಕತ್ತರಿಸುವಾಗ ಬಟ್ಟೆಯನ್ನು ನಾಲ್ಕು ಪದರ ಮಡಿಸುತ್ತೇವೆ. ಅದಕ್ಕೇ ಎದೆ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಬೇಕು. 36 ಇದ್ದರೆ ಒಂಬತ್ತು ಇಂಚು. 34 ಇದ್ದರೆ ಎಂಟೂವರೆ. ಒಂದು ದಿನ 35ರ ಅಳತೆ ಬಂತು. ಟೇಪನ್ನು ಅವಳ ಕೈಗೆ ಕೊಟ್ಟು, ಎಲ್ಲಿ ಗುರುತು ಹಾಕಬೇಕು ನೋಡು ಅಂದೆ. ಎಂಟಕ್ಕೆ ಬೆರಳಿಟ್ಟು ತುಂಬ ಹೊತ್ತು ನಿಂತಳು. ಮಿಕ್ಕ ಮೂರಿಂಚನ್ನು ಬಿಟ್ಟರೆ ಬ್ಲೌಸ್ ಹಿಡಿದುಬಿಡುತ್ತೆ ಅಂತ ಅವಳಿಗೇ ಗೊತ್ತಾಯಿತು. ಆ ಮೂರಿಂಚನ್ನೂ ನಾಲ್ಕು ಪದರಕ್ಕೆ ಹಂಚಬೇಕಲ್ವಾ? ಕಾಗದದ ಪಟ್ಟಿ ಕತ್ತರಿಸಿದಳು, ಮಡಿಸಿದಳು, ಮತ್ತೆ ಮಡಿಸಿದಳು. "ಅಮ್ಮಾ, ಮುಕ್ಕಾಲು! ಎಂಟೂ ಮುಕ್ಕಾಲು!" ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆರು ತಿಂಗಳಿಂದ ಹುಡುಕುತ್ತಿದ್ದ ಮೂರು ಅವತ್ತು ಸಿಕ್ಕಿತು.

ಅಲ್ಲಿಂದ ಎರಡು ತಿಂಗಳು ಬೇರೆ ಪಾಠ ಹೆಚ್ಚೇನೂ ಮಾಡಲಿಲ್ಲ. ಟೇಪಿನಲ್ಲಿ ಒಂದು ಇಂಚಿಗೆ ಎಂಟು ಭಾಗ. ಕಾಲು ಅಂದರೆ ಎಷ್ಟು ಗೆರೆ, ಅರ್ಧ ಅಂದರೆ ಎಷ್ಟು, ಮೀಟರಿಗೆ ಇಷ್ಟು ಅಂದರೆ ಎಂಬತ್ತು ಸೆಂಟಿಮೀಟರಿಗೆ ಎಷ್ಟು ದುಡ್ಡು, ದಿನವಿಡೀ ಇದೇ. ಇಂಥ ಬಿಡುವು ಮನೆಯಲ್ಲಿ ಮಾತ್ರ ಸಿಗುತ್ತೆ. ಆಮೇಲೆ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕ ತೆಗೆದಾಗ ಐದನೇ ತರಗತಿಯ ಭಿನ್ನರಾಶಿ ಹತ್ತು ದಿನದಲ್ಲಿ ಮುಗಿಯಿತು. ಆ ಪುಸ್ತಕಗಳ ಪಿಡಿಎಫ್ ಉಚಿತವಾಗಿ ಸಿಗುತ್ತವೆ.

ಅಮ್ಮ ಮಗಳು ಇಬ್ಬರೇ ಕೂತು ಓದಿದರೆ ದಿನಕ್ಕೆ ಎರಡೂವರೆ ಗಂಟೆ ಧಾರಾಳವಾಗಿ ಸಾಕು. ಉಳಿದ ಹೊತ್ತು ಅವಳದು. ಒಂದು ಚಳಿಗಾಲ ಪೂರ್ತಿ ಅವಳಪ್ಪನ ಜೊತೆ ಕುಕ್ಕರಹಳ್ಳಿ ಕೆರೆಗೆ ಹೋದಳು. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಎಲ್ಲದರ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಈ ಕೆರೆ ಕಟ್ಟಿಸಿದ್ದು ಯಾಕೆ ಅನ್ನೋ ಪ್ರಶ್ನೆಯಿಂದ ನಮ್ಮ ಇತಿಹಾಸದ ಪಾಠ ಶುರುವಾಯಿತು. 2020ರಲ್ಲಿ ಮಕ್ಕಳೆಲ್ಲ ಮನೆಯಲ್ಲೇ ಉಳಿದಾಗ ನಮ್ಮ ದಿನಚರಿ ಹೆಚ್ಚು ಬದಲಾಗಲಿಲ್ಲ.

ಮಗು ಜನರ ಜೊತೆ ಬೆರೆಯೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅಳತೆ ಕೊಡಲು ಬರುವ ಕಾಲೇಜು ಹುಡುಗಿಯರಿಂದ ಹಿಡಿದು ಅಜ್ಜಿಯರವರೆಗೆ ಎಲ್ಲರ ಜೊತೆ ಅವಳು ಮಾತಾಡುತ್ತಿದ್ದಳು, ಬಿಲ್ ಬರೆಯುತ್ತಿದ್ದಳು. ಸಂಜೆ ಬೀದಿಯ ಮಕ್ಕಳು, ಬೇಸಿಗೆಯಲ್ಲಿ ರಂಗಾಯಣದ ಚಿಣ್ಣರ ಮೇಳ. ಆದರೂ ದಿನಾ ಪಕ್ಕದಲ್ಲಿ ಕೂರುವ ಒಬ್ಬ ಗೆಳತಿ ಇಲ್ಲ ಅನ್ನೋ ಕೊರತೆ ಇತ್ತು. ಅದನ್ನು ನನ್ನಿಂದ ತುಂಬಲು ಆಗಲಿಲ್ಲ.

ಇನ್ನೂ ಕಷ್ಟಗಳಿದ್ದವು. ಹಗಲು ಪಾಠ, ರಾತ್ರಿ ಹೊಲಿಗೆ. ವರಮಾನ ಸುಮಾರು ಅರ್ಧಕ್ಕೆ ಇಳಿಯಿತು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೊರಟು ರಾತ್ರಿ ಬರುವ ಮನೆಗೆ ಇದು ಆಗದ ಮಾತು. ಶಾಲೆಯ ಬಿಸಿಯೂಟವೇ ಎಷ್ಟೋ ಮಕ್ಕಳಿಗೆ ದೊಡ್ಡ ಆಸರೆ. ಅಂಥವರಿಗೆ ಶಾಲೆ ಬಿಡಿಸಿ ಅಂತ ನಾನು ಯಾವತ್ತೂ ಹೇಳಲ್ಲ.

ಕಾನೂನಿನ ವಿಷಯ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದು. ಮನೆಪಾಠದ ಬಗ್ಗೆ ಅದರಲ್ಲಿ ಸ್ಪಷ್ಟವಾಗಿ ಏನೂ ಹೇಳಿಲ್ಲ. ನಮಗೆ ಧೈರ್ಯ ಕೊಟ್ಟಿದ್ದು ಅದರ 4ನೇ ಸೆಕ್ಷನ್. ಶಾಲೆ ಪೂರ್ತಿ ಮಾಡದ ಮಗು ಬಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅಲ್ಲಿದೆ. ನಮ್ಮ ಕೈಲಿ ಆಗದಿದ್ದರೆ ಹಿಂತಿರುಗಲು ಬಾಗಿಲು ಇದೆ ಅನ್ನೋದು ಸಮಾಧಾನ ಕೊಟ್ಟಿತ್ತು.

ಹತ್ತನೇ ತರಗತಿಗೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯನ್ನು ಆರಿಸಿಕೊಂಡೆವು. 14 ವರ್ಷ ತುಂಬಿರಬೇಕು, ಐದು ವಿಷಯ ಪಾಸಾಗಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಎಲ್ಲವನ್ನೂ ಒಟ್ಟಿಗೇ ಬರೆಯಬೇಕಂತಿಲ್ಲ, ಐದು ವರ್ಷದ ಅವಧಿ ಇರುತ್ತೆ. ಮಗಳು ಕನ್ನಡ, ಇಂಗ್ಲಿಷ್, ಸಮಾಜ ವಿಜ್ಞಾನ, ಗೃಹ ವಿಜ್ಞಾನ, ಗಣಿತ ತಗೊಂಡಳು. 2023ರ ಏಪ್ರಿಲ್‌ನಲ್ಲಿ ನಾಲ್ಕು ಬರೆದಳು. ತ್ರಿಕೋನಮಿತಿ ಇನ್ನೂ ಸರಿಯಾಗಿ ಕೂತಿಲ್ಲ ಅಂತ ಗಣಿತವನ್ನು ತಾನೇ ಅಕ್ಟೋಬರಿಗೆ ಇಟ್ಟುಕೊಂಡಳು. ಪಿಯುಸಿಗೆ ಒಂದು ವರ್ಷ ತಡವಾಯಿತು. ಅವಳಿಗೆ ಅದರ ಬೇಸರವೇನೂ ಇರಲಿಲ್ಲ.

ಕಾಲೇಜಿಗೆ ಸೇರಿದ ಮೊದಲ ವಾರವೇ ಅಕೌಂಟೆನ್ಸಿ ಕ್ಲಾಸಿನಲ್ಲಿ ಕೈ ಎತ್ತಿದಳಂತೆ. "ಸಾರ್, ಡೆಬಿಟ್ ಯಾಕೆ ಆ ಕಡೆ ಬಂತು ಅಂತ ಗೊತ್ತಾಗಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?" ಸಾರ್ ಬೋರ್ಡ್ ಒರೆಸಿ ಮೊದಲಿನಿಂದ ಹೇಳಿದರಂತೆ. ಕ್ಲಾಸ್ ಮುಗಿದ ಮೇಲೆ ನಾಲ್ಕು ಹುಡುಗಿಯರು ಬಂದು, ನಮಗೂ ಅರ್ಥ ಆಗಿರಲಿಲ್ಲ ಕಣೇ ಅಂದರಂತೆ. ಅವತ್ತು ಸಂಜೆ ಕಟಿಂಗ್ ಟೇಬಲ್ ಹತ್ತಿರ ನಿಂತು ಇದನ್ನೆಲ್ಲ ಹೇಳಿದಳು. ಕೈಯಲ್ಲಿ ಆಗಲೇ ಟೇಪ್ ಇತ್ತು.