ರೆಡಿ ಶಟರ್ ಕೂಡ್ರಸೋಕಿಂತ ಮದ್ಲ ಗೋಡಿ ರೆಡಿ ಮಾಡ್ಕೊರಿ

ಮದ್ಲೆಲ್ಲಾ ಅಂಗಡಿಗೆ ಶಟರ್ ಹಾಕಸೋದಂದ್ರ ಎರಡ್ ಮೂರ್ ದಿನದ ಕೆಲ್ಸ ಆಗಿತ್ತು, ಪಟ್ಟಿ ಬ್ಯಾರೆ ಪೈಪ್ ಬ್ಯಾರೆ ಸ್ಪ್ರಿಂಗ್ ಬ್ಯಾರೆ ತಂದು ಬಾಗ್ಲ ಮುಂದ ಹರವಿ, ಒಂದೊಂದ ಪಟ್ಟಿ ಪೋಣಿಸಿ ಅಲ್ಲೇ ವೆಲ್ಡಿಂಗ್ ಮಾಡ್ತಿದ್ರು. ಈಗ ವರ್ಕ್‌ಶಾಪಿನಾಗ ಪಟ್ಟಿ ಪೋಣಿಸಿ, ಪೈಪಿಗೆ ಸುತ್ತಿ, ಸ್ಪ್ರಿಂಗಿಗೆ ಬಿಗಿ ಕೊಟ್ಟು, ಎರಡೂ ಬಾಜೂ ಬ್ರಾಕೆಟ್ ಪ್ಲೇಟ್ ಹಾಕಿ, ಹಗ್ಗದ್ಲೆ ಕಟ್ಟಿದ ಇಡೀ ಸುರುಳಿನ ಟೆಂಪೋದಾಗ ಬರ್ತೈತಿ. ಗೋಡಿ ಸರಿ ಇತ್ತಂದ್ರ ಮೂರ್ ಮಂದಿ ಅರ್ಧಾ ದಿನದಾಗ ಕೂಡ್ರಸ್ತಾರ. ಸರಿ ಇಲ್ಲಂದ್ರ ರೆಡಿ ಸಾಮಾನಿಂದ ಏನೂ ಉಪಯೋಗ ಇಲ್ಲ, ಯಾಕಂದ್ರ ಅದನ್ನ ಸೈಟಿನಾಗ ಅರ್ಧಾ ಇಂಚ್ ಸಣ್ಣ ದೊಡ್ಡ ಮಾಡಾಕ ಬರಂಗಿಲ್ಲ.

ನನಗ ಇದು ತಿಳದದ್ದು ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಕಡೆ ನಮ್ಮ ಸೋದರಮಾವನ ಗೋದಾಮಿನಾಗ. ಅಳತಿ ಕೊಟ್ಟಾಂವ ನಾನ. ಎದಿ ಮಟ್ಟದಾಗ ಒಂದ ಸಲ ಟೇಪ್ ಹಿಡದು 10 ಫೂಟ್ ಅಂತ ಬರಕೊಟ್ಟಿದ್ದೆ. ಮುಂಜಾನೆ ಹತ್ತಕ್ಕ ಟೆಂಪೋ ಬಂತು, ಸಂಜಿ ಆರಕ್ಕೂ ಸುರುಳಿ ನೆಲದ ಮ್ಯಾಲನ ಇತ್ತು. ಬಾಗ್ಲ ಕೆಳಗ 10 ಫೂಟ್ ಬರೋಬರಿ, ಮ್ಯಾಲ ಮುಕ್ಕಾಲ ಇಂಚ್ ಜಾಸ್ತಿ, ಅದರಾಗ ಒಂದ ಕಡೆ ಗಿಲಾವ್ ಹೊಟ್ಟಿ ಉಬ್ಬಿಧಂಗ ಹೊರಗ ಬಂದಿತ್ತು. ಗವಂಡಿನ್ನ ಕರಸಿ ಗಿಲಾವ್ ಕೆತ್ತಿಸಿ, ಮತ್ತ ಸಿಮೆಂಟ್ ಹಚ್ಚಿಸಿ, ಒಂದ ವಾರ ನೀರ ಹೊಡದು, ಆಮ್ಯಾಲ ಕೂಡ್ರಿಸಿದ್ವಿ. ಅಷ್ಟೂ ದಿನ ಬಾಗ್ಲ ಇಲ್ಲದ ಗೋದಾಮಿನಾಗ ಮಾವ ಹಾಸಗಿ ಹಾಕ್ಕೊಂಡು ಮಲಗಿದ್ರು, ಒಳಗ ಕಡ್ಲಿ ಚೀಲ ಇದ್ವು.

ಹಿಂಗಾಗಿ ಆರ್ಡರ್ ಕೊಡೂಕಿಂತ ಮದ್ಲ ಅಗಲ ಮೂರ್ ಕಡೆ ಅಳೀರಿ, ಕೆಳಗ, ನಡಕ, ಮ್ಯಾಲ. ಎತ್ತರ ಎಡಕ್ಕ, ಬಲಕ್ಕ, ಮಧ್ಯದಾಗ. ಆಮ್ಯಾಲ ಮೂಲಿಯಿಂದ ಮೂಲಿಗೆ ಓರೆಯಾಗಿ ಎರಡ್ ಸಲ ಟೇಪ್ ಹಿಡೀರಿ, ಅಗಲ, ಎತ್ತರ ಎಲ್ಲಾ ಕಡೆ ಸಮಾ ಇದ್ದು ಈ ಎರಡೂ ಒಂದ ಬಂದ್ರ ಬಾಗ್ಲದ ಮೂಲಿ ಬರೋಬರಿ ಅದಾವ ಅಂತ ಅರ್ಥ. ಟೈಲ್ಸ್ ಇನ್ನೂ ಹಾಕಿಲ್ಲಾಂದ್ರ ಅದರ ದಪ್ಪ ಎತ್ತರದಾಗ ಕಳೀರಿ. ಬಾಗ್ಲದ ಮ್ಯಾಲ ಸುರುಳಿ ಕೂಡ್ರಾಕ ಜಾಗ ಬೇಕು, 9 ಫೂಟ್ ಎತ್ತರದ ಶಟರಿಗೆ ಒಂದೂವರಿ ಫೂಟ್ ಹತ್ರ ಬಿಡೋದು ರೂಢಿ, ಆದ್ರ ನಿಮ್ಮ ಸುರುಳಿ ಎಷ್ಟ ದಪ್ಪ ಆಗ್ತೈತಿ ಅಂತ ಮಾಡಾವ್ರ ಕಡಿಂದ ಬರಸ್ಕೊಂಡ ಬಿಡ್ರಿ. ಆ ಜಾಗದಾಗ ಕರೆಂಟ್ ಪೈಪ್, ಲೈಟಿನ ಬಾಕ್ಸ್ ಇದ್ವಂದ್ರ ಈಗಲೇ ಸರಸ್ರಿ.

ಆರ್ಡರ್ ಕೊಡೂ ಮುಂದ ಸೈಜಿನ ಲೆಕ್ಕಾನೂ ನೋಡ್ರಿ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಸ್ಪೆಸಿಫಿಕೇಶನ್‌ನಾಗ 8 ಚದರ ಮೀಟರ್ ತನಕ ಕೈಲೆ ಎಳೆಯೋ ಸಾದಾ ಸ್ಪ್ರಿಂಗ್ ಶಟರ್ ನಡೀತೈತಿ, 8 ರಿಂದ 12ಕ್ಕ ಬಾಲ್ ಬೇರಿಂಗ್ ಬೇಕು, ಅದರ ಮ್ಯಾಲಾದ್ರ ಗೇರ್. ಪಟ್ಟಿ ದಪ್ಪ 3.5 ಮೀಟರ್ ಅಗಲದ ತನಕ 0.9 ಎಂಎಂ, ಜಾಸ್ತಿ ಆದ್ರ ಇನ್ನೂ ದಪ್ಪ ಬೇಕು. ನಮ್ಮ ಗೋದಾಮಿಂದು 10 ಫೂಟ್ ಅಗಲ 9 ಫೂಟ್ ಎತ್ತರ, ಅಂದ್ರ 8.4 ಚದರ ಮೀಟರ್ ಹತ್ರ, ಬೇರಿಂಗ್ ಹಾಕಸೋದ ಛಲೋ. ಗದಗ ಕಡೆ, ಅದ್ರಾಗೂ ಕಪ್ಪತಗುಡ್ಡದ ಸುತ್ತ, ಗಾಳಿ ಎಷ್ಟ ಅಂತ ಅಲ್ಲಿ ಗಾಳಿ ಕರೆಂಟಿನ ದೊಡ್ಡ ಫ್ಯಾನ್ ನೋಡಿದಾವ್ರಿಗೆ ಗೊತ್ತು. ಅಲ್ಲಿ ಅಗಲ ಶಟರ್ ಇದ್ರ ಪಟ್ಟಿ ತುದಿಗೆ ಗಾಳಿ ಕ್ಲಿಪ್ ಹಾಕಸ್ರಿ, ಇಲ್ಲಾಂದ್ರ ಜೋರ್ ಗಾಳಿಗೆ ಪಟ್ಟಿ ಬಾಗಿ ಚಾನಲ್ (ಎರಡೂ ಬಾಜೂ ಪಟ್ಟಿ ತುದಿ ಜಾರೋ ಕಬ್ಬಿಣದ ಗಾಡಿ) ಬಿಟ್ಟು ಹೊರಗ ಬರ್ತಾವ.

ಇನ್ನ ಗೋಡಿ. ಇಡೀ ಭಾರ ನಿಲ್ಲೋದು ಎರಡ ಬ್ರಾಕೆಟ್ ಮ್ಯಾಲ. ಒಂದ್ ಚದರ ಮೀಟರ್ 1 ಎಂಎಂ ಕಬ್ಬಿಣದ ಹಾಳಿ ತೂಕ 7.85 ಕೆಜಿ, ಪಟ್ಟಿ ಮಡಿಕಿ, ಪೈಪ್, ಸ್ಪ್ರಿಂಗ್, ಪ್ಲೇಟ್ ಎಲ್ಲಾ ಹಿಡದ್ರ ನಮ್ಮ ಶಟರ್ ನೂರು ಕೆಜಿ ಸುತ್ತಮುತ್ತ ಆಗ್ತೈತಿ. ಆರ್‌ಸಿಸಿ ಕಾಲಮ್ ಇದ್ರ ಆ್ಯಂಕರ್ ಬೋಲ್ಟ್ ಗಟ್ಟಿ ಹಿಡೀತೈತಿ. ಈಗ ಎಲ್ಲಾ ಕಡೆ ಹಾಕೋ ಹಗುರ ಬ್ಲಾಕ್, ಪೊಳ್ಳ ಸಿಮೆಂಟ್ ಬ್ಲಾಕ್, ಇಲ್ಲಾ ಹಳೇ ಮಣ್ಣಿನ ಗೋಡಿ ಇತ್ತಂದ್ರ ದಯಮಾಡಿ ಅಲ್ಲಿ ಬರೀ ಆ್ಯಂಕರ್ ಹೊಡೀಬ್ಯಾಡ್ರಿ. ಬ್ರಾಕೆಟ್ ಬರೋ ಜಾಗದಾಗ ಕಾಂಕ್ರೀಟ್ ಹಾಕಸ್ರಿ, ಇಲ್ಲಾ ಗೋಡಿ ಆರಪಾರ ಬೋಲ್ಟ್ ಹಾಕಿ ಹಿಂದ ಕಬ್ಬಿಣದ ಪ್ಲೇಟ್ ಕೊಡ್ರಿ. ಕಾಂಕ್ರೀಟ್ ಹಾಕಿದ್ರ ಕಮ್ಮಿ ಅಂದ್ರೂ 7 ದಿನ ನೀರ ಹೊಡೀರಿ, ಮರುದಿನಾನ ಡ್ರಿಲ್ ಹಚ್ಚಬ್ಯಾಡ್ರಿ.

ಕೂಡ್ರಸೋ ದಿನ ಮದ್ಲ ಹಗ್ಗ ಮುಟ್ಟಬ್ಯಾಡ್ರಿ. ಸುರುಳಿ ನೆಲದ ಮ್ಯಾಲ ಇದ್ದಾಗನ ಎರಡೂ ಬ್ರಾಕೆಟ್ ನಡಕಿನ ಅಂತರ ಅಳದು ಗೋಡಿ ಅಳತಿ ಕೂಡ ತಾಳೆ ನೋಡ್ರಿ, ಎಡ ಬಲ ಗುರ್ತ ಹಾಕ್ರಿ. ಆಮ್ಯಾಲ ಗೈಡ್ ಚಾನಲ್. ಇಲ್ಲೇ ಭಾಳ ಮಂದಿ ತಪ್ಪತಾರ, ನೆಲದಿಂದ ಟೇಪ್ ಹಿಡದು ಎರಡೂ ಕಡೆ ಸಮಾ ಎತ್ತರ ಗುರ್ತ ಹಾಕ್ತಾರ. ನೆಲಕ್ಕ ನೀರ ಹೋಗ್ಲಿ ಅಂತ ಇಳಿಜಾರ ಕೊಟ್ಟಿರ್ತಾರಲ್ಲ, ಹಂಗ ಅಳದ್ರ ಪೈಪೂ ಅಷ್ಟ ವಾರಿ ಆಗ್ತೈತಿ. ನಮ್ಮ ಗೋದಾಮಿಗೆ ಬಂದಿದ್ದ ಫಿಟ್ಟರ್ ಕಾಕಾ ಪಾರದರ್ಶಕ ಪೈಪಿನಾಗ ನೀರ ತುಂಬಿ, ನೀರಿಗೆ ಒಂದ್ ಚಿಟಿಕಿ ಅರಿಷಿಣ ಹಾಕಿದ್ರು, ಹಳದಿ ಗೆರಿ ಛಂದ ಕಾಣ್ತಿತ್ತು. ಪೈಪ್ ತುಂಬ ಬೆರಳ ಆಡಿಸಿ ಗುಳ್ಳಿ ಇಲ್ಲ ಅಂತ ನೋಡಿ, "ತಮ್ಮಾ, ಒಂದ ಗುಳ್ಳಿ ಇದ್ರೂ ನೀರ ಸುಳ್ಳ ಹೇಳ್ತೈತಿ" ಅಂದ್ರು. ಆ ಗೆರಿ ಹಿಡದ ಎರಡೂ ಗೋಡಿಗೆ ಪೆನ್ಸಿಲ್ ಗುರ್ತ ಹಾಕಿ, ಅಲ್ಲಿಂದ ಕೆಳಗ ಮ್ಯಾಲ ಅಳದ್ವಿ. ನೆಲದ ಕಡೆ ನೋಡ್ಲೇ ಇಲ್ಲ.

ಚಾನಲ್ ಎರಡೂ ತೂಗುಗುಂಡಿಗೆ ನೆಟ್ಟಗ ಇರಬೇಕು, ನಡಕಿನ ಅಂತರ ಕೆಳಗ ನಡಕ ಮ್ಯಾಲ ಒಂದ ಬರಬೇಕು. ಗೋಡಿ ತಗ್ಗ ಇದ್ದಲ್ಲಿ ಕಬ್ಬಿಣದ ತುಂಡ ಕೊಡ್ರಿ, ಕಟ್ಟಿಗಿ ಕೊಟ್ರ ಒಣಗಿ ಸಡ್ಲ ಆಗ್ತೈತಿ.

ಸುರುಳಿ ಎತ್ತಾಕ ಚೈನ್ ಪುಲ್ಲಿ ಬಾಡಗಿಗೆ ತರ್ರಿ, ನಿಚ್ಚಣಿಕಿ ಮ್ಯಾಲ ನಿಂತು ಹೆಗಲ ಕೊಡೋದ ಬ್ಯಾಡ, ಕೆಳಗ ಯಾರನ್ನೂ ನಿಲ್ಲಸ್ಬ್ಯಾಡ್ರಿ. ಎರಡೂ ಬ್ರಾಕೆಟ್ ಬೋಲ್ಟ್ ಹಾಕಿ, ಪೈಪ್ ಮ್ಯಾಲ ಲೆವೆಲ್ ಇಟ್ಟ ನೋಡಿ, ಆಮ್ಯಾಲ ಪೂರಾ ಬಿಗಿ ಮಾಡ್ರಿ. ಪೈಪ್ ತುದಿ ಹಿಡಿಯೋ ಯು ಕ್ಲ್ಯಾಂಪ್ ಎರಡೂ ಬಿಗಿ ಅದಾವ ಅಂತ ಕೈಲೆ ಮುಟ್ಟಿ ನೋಡಿದ ಮ್ಯಾಲನ ಹಗ್ಗ ಬಿಚ್ಚಬೇಕು.

ಸ್ಪ್ರಿಂಗ್ ವಿಷಯ ಸ್ವಲ್ಪ ತಿಳ್ಕೊರಿ, ಯಾಕಂದ್ರ ಜೀವಕ್ಕ ಪೆಟ್ಟ ಆಗೋದು ಇಲ್ಲೇ. ಶಟರ್ ಕೆಳಗ ಇಳದಂಗ ಜೋತಬಿದ್ದ ಪಟ್ಟಿ ಭಾರ ಜಾಸ್ತಿ ಆಗ್ತೈತಿ, ಅದರ ಜೋಡಿ ಸ್ಪ್ರಿಂಗೂ ಸುತ್ತಿ ಬಿಗಿ ಆಗಿ ಆ ಭಾರ ಹಿಡೀತೈತಿ. ಅಂದ್ರ ಶಟರ್ ಮುಚ್ಚಿದಾಗ ಸ್ಪ್ರಿಂಗ್ ಭಾಳ ಬಿಗಿ, ಪೂರಾ ಮ್ಯಾಲ ಇದ್ದಾಗ ಎಲ್ಲಕ್ಕಿಂತ ಸಡ್ಲ. ಹಂಗಾಗಿ ಮುಚ್ಚಿದ ಶಟರಿನ ಕ್ಲ್ಯಾಂಪ್ ಯಾವತ್ತೂ ಸಡ್ಲ ಮಾಡಬ್ಯಾಡ್ರಿ, ಪೈಪ್ ಗರ್ರನೆ ತಿರಗಿ ಪಾನಾ ಕೈ ಮುರೀತೈತಿ. ನಿಮಗ ರೂಢಿ ಇಲ್ಲಾಂದ್ರ ಈ ಒಂದ ಕೆಲ್ಸ ಫಿಟ್ಟರಿಗೇ ಬಿಡ್ರಿ.

ನಮ್ಮ ಗೋದಾಮಿನಾಗ ಹಗ್ಗ ಬಿಚ್ಚೂ ಮುಂದ ಇಬ್ರು ಕೆಳಗಿನ ಪಟ್ಟಿ ಹಿಡ್ಕೊಂಡ್ರು, ಎರಡೂ ತುದಿ ಒಟ್ಟಿಗೇ ಚಾನಲ್ ಬಾಯಿಗೆ ಇಳಿಸಿದ್ರು, ಸ್ಟಾಪರ್ ಹಾಕಿದ್ರು. ಎದಿ ಮಟ್ಟಕ್ಕ ತಂದು ಕೈ ಬಿಟ್ಟಾಗ ಶಟರ್ ಅಲ್ಲೇ ನಿಂತ್ರ ಬಿಗಿ ಸರಿ ಐತಿ. ನಮ್ಮದು ಸಾವಕಾಶ ಕೆಳಗ ಜಾರ್ತಿತ್ತು, ಅಂದ್ರ ಬಿಗಿ ಕಮ್ಮಿ. ಕಾಕಾ ಶಟರ್ ಪೂರಾ ಮ್ಯಾಲ ಒಯ್ದು ಕಟ್ಟಿ, ಪೈಪ್ ತುದಿಗೆ ಸೀಮೆಸುಣ್ಣದ್ಲೆ ಒಂದ ಗೆರಿ ಎಳದು, ಪೈಪ್ ಪಾನಾ ಹಾಕಿ ಭಾರ ಕೈಯಾಗ ತಗೊಂಡ ಮ್ಯಾಲ ಕ್ಲ್ಯಾಂಪ್ ಸಡ್ಲ ಮಾಡಿ ಅರ್ಧಾ ಸುತ್ತ ತಿರುವಿದ್ರು. ಗೆರಿ ಮ್ಯಾಲಿಂದ ಕೆಳಗ ಬಂತು, ಕ್ಲ್ಯಾಂಪ್ ಬಿಗಿ ಆತು. ಈ ಸಲ ಎದಿ ಮಟ್ಟಕ್ಕ ಗಪ್ಪನೆ ನಿಂತು ಬಿಡ್ತು, ಮಾವ ಒಂದ ಬೆರಳಿಲೆ ಎತ್ತಿ ನೋಡಿದ್ರು. ಬಿಗಿ ಜಾಸ್ತಿ ಆದ್ರೂ ತ್ರಾಸ ಐತಿ, ಶಟರ್ ತಾನಾ ಮ್ಯಾಲ ಹಾರ್ತೈತಿ, ಕೆಳಗ ಎಳ್ಯಾಕ ಜೋತ ಬೀಳಬೇಕಾಗ್ತೈತಿ.

ಕೀಲಿ ಪಟ್ಟಿ, ಮ್ಯಾಲ ಸುರುಳಿ ಮುಚ್ಚೋ ಹುಡ್ ಕವರ್ ಕಡೀಗೆ ಹಾಕ್ರಿ. ಚಾನಲಿಗೆ ದಪ್ಪ ಗ್ರೀಸ್ ಬಳೀಬ್ಯಾಡ್ರಿ, ನಮ್ಮೂರ ಧೂಳ ಕೂತು ಮಣ್ಣ ಮೆತ್ತಿಧಂಗ ಆಗ್ತೈತಿ, ಒಣ ಅರಿಬಿಲೆ ಒರಸಿದ್ರ ಸಾಕು.

ನವಲಗುಂದ, ಅಣ್ಣಿಗೇರಿ, ನರಗುಂದ ಕಡೆ ಎರಿ ಭೂಮಿ ಮ್ಯಾಲ ಕಟ್ಟಿದಾವ್ರು ಇನ್ನೊಂದ ಮಾಡ್ರಿ. ಆ ಮಣ್ಣ ಮಳಿಗಾಲದಾಗ ಉಬ್ಬಿ ಬ್ಯಾಸಗಿಗೆ ಬಿರಿತೈತಿ, ಅದರ ಜೋಡಿ ಗೋಡೀನೂ ಹಂದಾಡ್ತೈತಿ. ಮೊದಲನೇ ಬ್ಯಾಸಗಿ ಮುಗಿಯೂ ಮುಂದ ಶಟರ್ ಪೂರಾ ಮ್ಯಾಲ ಎತ್ತಿ, ಚಾನಲ್ ನಡಕಿನ ಅಂತರ ಮೂರ್ ಕಡೆ ಮತ್ತ ಅಳೀರಿ, ಕೂಡ್ರಿಸಿದ ದಿನದ ಅಳತಿ ಹುಡ್ ಕವರ್ ಒಳಗ ಪೇಂಟ್‌ಲೆ ಬರದಿಟ್ಟಿರ್ರಿ, ಫರಕ ಬಂದಿದ್ರ ಶಟರ್ ಸಿಕ್ಕೊಳ್ಳೂದಕ್ಕಿಂತ ಮದ್ಲ ಫಿಟ್ಟರನ್ನ ಕರೀರಿ.